ತುಲಾಭಾರದ ಕಂಬವೂ ಸೌರ ಬಿರುಗಾಳಿಯೂ

ಹಂಪಿಯ ವಿಠ್ಠಲ ದೇವಾಲಯದಿಂದ ನದಿಯ ಗುಂಟ ಬಜಾರಿನತ್ತ ನಡೆದರೆ ಎರಡು ಕಲ್ಲುಕಂಬಗಳ ಮೇಲೆ ತೊಲೆ ಹೊತ್ತ ‘ಅರಸರ ತುಲಾಭಾರ’ ಎದುರಾಗುತ್ತದೆ. ಗ್ರಹಣದಂಥ ಪರ್ವಕಾಲದಲ್ಲಿ ವಿಜಯನಗರದ ದೊರೆಗಳು ಇಲ್ಲಿ ತಮ್ಮ ತೂಕದಷ್ಟು ಚಿನ್ನ ದಾನ ಮಾಡುತ್ತಿದ್ದರೆಂಬುದು ಪ್ರತೀತಿ. ಸೂರ್ಯಗ್ರಹಣದಂದು ಕೊಟ್ಟ ದತ್ತಿಗಳನ್ನು ಆ ಕಾಲದ ಅನೇಕ ಶಾಸನಗಳೂ ಹೇಳುತ್ತವೆ. ಗ್ರಹಣ ಅಂಜಿಕೆಯ ಗಳಿಗೆ ನಿಜ. ಆದರೆ ಪಂಚಾಂಗದವರಿಗೆ ಅದು ಮೊದಲೇ ಗೊತ್ತಿರುತ್ತಿತ್ತು.

ಸೂರ್ಯನಿಂದ ಬರುವ ನಿಜವಾದ ಅಪಾಯ ಪಂಚಾಂಗಕ್ಕೆ ಸಿಗುವಂಥದಲ್ಲ. ಸೂರ್ಯನಿಂದ ಸಿಡಿದ ವಿದ್ಯುದಾವೇಶದ ಕಣಗಳ ಮೋಡ ಭೂಮಿಗೆ ಅಪ್ಪಳಿಸಿದರೆ ಭೂಕಾಂತತ್ವವೇ ಅಲುಗಾಡುತ್ತದೆ. 1859ರ ಸೆಪ್ಟೆಂಬರಿನಲ್ಲಿ ಇಂಥ ಸೌರ ಬಿರುಗಾಳಿ ಯುರೋಪು, ಅಮೆರಿಕಗಳ ತಂತಿ ಕಚೇರಿಗಳನ್ನು ಕೆಡಿಸಿತು. ಆ ಮೋಡ ಭೂಮಿ ತಲುಪಲು ತೆಗೆದುಕೊಂಡದ್ದು ಸುಮಾರು 17 ತಾಸು ಮಾತ್ರ. ಧ್ರುವಗಳಿಂದ ಬಹುದೂರದ ಮುಂಬಯಿಯಲ್ಲೂ, ಕೊಲಾಬಾ ವೀಕ್ಷಣಾಲಯದ ಉಪಕರಣ ಭೂಕಾಂತತ್ವದ ಭಾರೀ ಕುಸಿತವನ್ನು ದಾಖಲಿಸಿತು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯ ಸುಮಾರು 9 ತಾಸು ಕತ್ತಲಲ್ಲಿ ಮುಳುಗಿತು.

ನಮ್ಮದು ಭೂಮಧ್ಯರೇಖೆಗೆ ಸಮೀಪದ ನಾಡು. ಹೊಸಪೇಟೆಯ ತುಂಗಭದ್ರಾ ವಿದ್ಯುದಾಗಾರಕ್ಕಾಗಲಿ, ಸಂಡೂರಿನ ಗಣಿಗಳಿಗೆ, ಕಂಪ್ಲಿಯ ಪಂಪ್‌ಸೆಟ್ಟುಗಳಿಗೆ ಹೋಗುವ ತಂತಿಗಳಿಗಾಗಲಿ ಅಷ್ಟು ಗಂಡಾಂತರವಿಲ್ಲ. ಆದರೆ ಉಪಗ್ರಹಗಳು ಕೆಟ್ಟರೆ ಕ್ವಿಬೆಕ್ಕಿಗೂ ಕಂಪ್ಲಿಗೂ ವ್ಯತ್ಯಾಸವಿರದು.

ಆದ್ದರಿಂದಲೇ ಈ ಕಾವಲು. ಬೆಂಗಳೂರಿನಲ್ಲಿ ಸಿದ್ಧವಾದ ಆದಿತ್ಯ ಎಲ್-1 ನೌಕೆ 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟು, 2024ರ ಜನವರಿ 6ರಂದು ಸುಮಾರು 15 ಲಕ್ಷ ಕಿಲೋಮೀಟರ್ ದೂರದ ನೆಲೆ ಸೇರಿತು. ಭಾರತೀಯ ಖಭೌತ ಸಂಸ್ಥೆ ನಿರ್ಮಿಸಿದ ಅದರ ಮುಖ್ಯ ಉಪಕರಣ, ಸೂರ್ಯಬಿಂಬದ ಬೆಳಕನ್ನು ಬದಿಗೆ ಸರಿಸಿ ಸುತ್ತಲಿನ ಪ್ರಭಾವಲಯವನ್ನು ನೋಡುತ್ತದೆ. ಅಂದರೆ ಅದೂ ಗ್ರಹಣವೇ, ಮನುಷ್ಯ ಮಾಡಿದ್ದು.