ವರ್ಲಿಯ ಕುಸ್ತಿಯ ರಾತ್ರಿಗಳು

ಮುಂಬಯಿಯ ಹಳಬರು ನಾಲ್ವರು ಸೇರಿದರೆ ಮಾತು ಒಮ್ಮೆಯಾದರೂ ವರ್ಲಿಯ ವಲ್ಲಭಭಾಯಿ ಪಟೇಲ್ ಸ್ಟೇಡಿಯಂನತ್ತ ಹೊರಳುತ್ತದೆ. 1960ರ ದಶಕದಲ್ಲಿ ಅಲ್ಲಿನ ಫ್ರೀಸ್ಟೈಲ್ ಕುಸ್ತಿಗೆ ಜನ ಮುಗಿಬೀಳುತ್ತಿದ್ದರು. ಒಂದೆಡೆ ಹಂಗೇರಿ ಮೂಲದ, ಗುಡ್ಡದಂಥ ಮೈಯ, ಪೊದೆಗಡ್ಡದ ಕಿಂಗ್ ಕಾಂಗ್. ಇನ್ನೊಂದೆಡೆ ಅಮೃತಸರ ಜಿಲ್ಲೆಯ ಹಳ್ಳಿಯೊಂದರಲ್ಲಿ 1928ರಲ್ಲಿ ಹುಟ್ಟಿದ ದಾರಾಸಿಂಗ್.

ಊರ ಗರಡಿಯ ಕೆಮ್ಮಣ್ಣಿನಲ್ಲಿ ಹೊರಳಿ ಬಂದ ನಮ್ಮ ಹಿರಿಯರಿಗೆ ಇದು ರುಚಿಸಲಿಲ್ಲ. ಗರಡಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ತೀರ್ಮಾನವಾಯಿತು. ಇಲ್ಲಿ ಹಗ್ಗ ಬಿಗಿದ ಕಟ್ಟೆಯ ಮೇಲೆ ಗುದ್ದು, ಒದೆತ. ಬಿದ್ದವನು ಮತ್ತೆ ಎದ್ದು ಬರುತ್ತಿದ್ದ. “ಎಲ್ಲ ಮೊದಲೇ ಮಾತಾಡಿಕೊಂಡ ಆಟ” ಎಂದು ಅವರು ಮೂಗು ಮುರಿದರೆ, ಹುಡುಗರಾದ ನಾವು ಜಗಳಕ್ಕೇ ನಿಲ್ಲುತ್ತಿದ್ದೆವು.

ಹಿರಿಯರ ಮಾತು ಬಹುಮಟ್ಟಿಗೆ ನಿಜವೆಂದು ಈಗ ಬಲ್ಲೆವು. ವೃತ್ತಿ ಕುಸ್ತಿಯಲ್ಲಿ ಸೋಲುಗೆಲುವನ್ನು ಮುಂಚೆಯೇ ಗೊತ್ತುಮಾಡುವುದು ಲೋಕದಲ್ಲೆಲ್ಲ ನಡೆದುಬಂದ ಪದ್ಧತಿ. ಆದರೆ ಬಿದ್ದ ಮೈಯ ನೋವಾಗಲಿ, ವರ್ಷಗಟ್ಟಲೆ ಮಾಡಿದ ಸಾಧನೆಯಾಗಲಿ ಸುಳ್ಳಲ್ಲ. 1968ರಲ್ಲಿ ಮುಂಬಯಿಯಲ್ಲಿ ದಾರಾಸಿಂಗರೆದುರು ಸೋತ ಅಮೆರಿಕದ ಲೂ ಥೆಜ್, ಪಟ್ಟುಗಳ ಮರ್ಮ ಬಲ್ಲವರು. ಅವರೂ ದಾರಾಸಿಂಗರನ್ನು ನಿಜವಾದ ಮಲ್ಲನೆಂದೇ ಮೆಚ್ಚಿದ್ದರು.

ಕಿಂಗ್ ಕಾಂಗ್ 1970ರಲ್ಲಿ ತೀರಿಕೊಂಡರು. 1983ರಲ್ಲಿ ಕಣದಿಂದ ನಿವೃತ್ತರಾದ ದಾರಾಸಿಂಗರು 2012ರ ಜುಲೈ 12ರಂದು ಮುಂಬಯಿಯಲ್ಲೇ ಕಣ್ಮುಚ್ಚಿದರು. ನಡುವೆ, 1987ರಲ್ಲಿ, ದೂರದರ್ಶನದ ರಾಮಾಯಣದಲ್ಲಿ ಹನುಮಂತನಾಗಿ ಅವರು ನಮ್ಮ ಮನೆಗಳಿಗೆ ಬಂದರು. ಗರಡಿಯಲ್ಲಿ ಹನುಮಂತನಿಗೆ ಕೈಮುಗಿದೇ ಕಣಕ್ಕಿಳಿಯುತ್ತಿದ್ದ ನಮ್ಮ ಹಿರಿಯರು ಅಂದು ಮೊಮ್ಮಕ್ಕಳ ಪಕ್ಕದಲ್ಲಿ ಕುಳಿತು ನೋಡಿದರು. ಯಾರೂ ಮೂಗು ಮುರಿಯಲಿಲ್ಲ.