ಹಕ್ಕು ಕೇಳದೆ ಹಕ್ಕು ಬಿಟ್ಟವರು: ಪಾರ್ಕ್‌ಲ್ಯಾಂಡ್ ವಿದ್ಯಾರ್ಥಿ ಚಳವಳಿ ಮತ್ತು ವಯಸ್ಸಿನ ಪ್ರಶ್ನೆ

ಅಮೆರಿಕದ ಯುವಜನ ಚಳವಳಿಗಳು ವಯಸ್ಸಿನ ಮಿತಿಯ ಬಗ್ಗೆ ಮಾತೆತ್ತಿದಾಗಲೆಲ್ಲ ಸಾಮಾನ್ಯವಾಗಿ ಅದನ್ನು ಇಳಿಸಿ ಎಂದೇ ಕೇಳಿವೆ. ಹದಿನೆಂಟಕ್ಕೆ ವಿಯೆಟ್ನಾಂ ಯುದ್ಧಕ್ಕೆ ಕಳಿಸುವ ಸರ್ಕಾರ, ಮತ ಹಾಕಲು ಮಾತ್ರ ಇಪ್ಪತ್ತೊಂದು ತುಂಬಲಿ ಎನ್ನುವುದು ಯಾವ ನ್ಯಾಯ ಎಂಬ ಕೂಗಿಗೆ ಮಣಿದೇ 1971ರ 26ನೆಯ ಸಂವಿಧಾನ ತಿದ್ದುಪಡಿ ಮತದಾನದ ವಯಸ್ಸನ್ನು 18ಕ್ಕೆ ಇಳಿಸಿತು. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನ ಹೈಸ್ಕೂಲು ವಿದ್ಯಾರ್ಥಿಗಳು ಬೀದಿಗಿಳಿದಾಗ ಈ ಕ್ರಮ ತಿರುವುಮುರುವಾಯಿತು. ರೈಫಲ್ ಕೊಳ್ಳುವ ವಯಸ್ಸನ್ನು ಏರಿಸಿ ಎಂದು ಕೇಳಿದವರಲ್ಲಿ ಹದಿನೆಂಟರ ಹೊಸ್ತಿಲಲ್ಲಿದ್ದವರೇ ಹೆಚ್ಚು. ತಮ್ಮ ಓರಗೆಯವರ ಹಕ್ಕನ್ನು ತಾವೇ ಮೊಟಕುಗೊಳಿಸಲು ಹೊರಟ ಚಳವಳಿ ಇದು. ಇದರ ಬಲವೂ ಮಿತಿಯೂ ಈ ವಯಸ್ಸಿನ ಲೆಕ್ಕದಲ್ಲೇ ಅಡಗಿವೆ ಎಂಬುದು ಈ ಲೇಖನದ ವಾದ.

2018ರ ಫೆಬ್ರವರಿ 14ರಂದು ಮಾರ್ಜರಿ ಸ್ಟೋನ್‌ಮನ್ ಡಗ್ಲಸ್ ಹೈಸ್ಕೂಲಿನಲ್ಲಿ ಹತ್ತೊಂಬತ್ತರ ಮಾಜಿ ವಿದ್ಯಾರ್ಥಿಯೊಬ್ಬ 17 ಮಂದಿಯನ್ನು ಕೊಂದ. ಅವರಲ್ಲಿ 14 ಮಂದಿ ವಿದ್ಯಾರ್ಥಿಗಳು, ಮೂವರು ಸಿಬ್ಬಂದಿ. ಇನ್ನೂ 17 ಮಂದಿಗೆ ಗುಂಡೇಟು ಬಿದ್ದಿತ್ತು. ಎಆರ್-15 ಮಾದರಿಯ ಆ ರೈಫಲನ್ನು ಅವನು ಹಿಂದಿನ ವರ್ಷ ಹದಿನೆಂಟನೆಯ ವಯಸ್ಸಿನಲ್ಲಿ ಅಂಗಡಿಯಲ್ಲಿ ಕಾನೂನುಬದ್ಧವಾಗಿಯೇ ಕೊಂಡಿದ್ದ. 1968ರ ಕೇಂದ್ರ ಕಾಯ್ದೆಯ ಪ್ರಕಾರ ಪರವಾನಗಿ ಪಡೆದ ವ್ಯಾಪಾರಿ ಪಿಸ್ತೂಲು ಮಾರಬೇಕಾದರೆ ಗಿರಾಕಿಗೆ 21 ತುಂಬಿರಬೇಕು. ರೈಫಲಿಗೆ 18 ಸಾಕು. ಆ ದೇಶದಲ್ಲಿ ಬಿಯರ್ ಬಾಟಲಿ ಕೊಳ್ಳಲೂ 21 ಆಗಬೇಕು. ಈ ಅಸಂಗತಿಯನ್ನು ತೋರಿಸಲು ವಿದ್ಯಾರ್ಥಿಗಳಿಗೆ ಯಾವ ಪಾಂಡಿತ್ಯವೂ ಬೇಕಿರಲಿಲ್ಲ.

ಕನ್ನಡ ಓದುಗರಿಗೆ ಇಲ್ಲೊಂದು ಮಾತು. ಕೋವಿಯನ್ನು ಸಂಸ್ಕೃತಿಯ ಭಾಗವಾಗಿ ಕಾಣುವುದು ನಮಗೇನೂ ಅಪರಿಚಿತವಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. ಆದರೆ ಅದು ಅಧಿಸೂಚನೆಯ ಮೂಲಕ ಸರ್ಕಾರ ಕೊಟ್ಟ ವಿನಾಯಿತಿ. ಅಮೆರಿಕದಲ್ಲಿ ಅದು ಸಂವಿಧಾನದ ಎರಡನೆಯ ತಿದ್ದುಪಡಿ ಕೊಟ್ಟ ಹಕ್ಕು. ವಿನಾಯಿತಿಯನ್ನು ಸರ್ಕಾರ ಹಿಂಪಡೆಯಬಹುದು. ಹಕ್ಕಿನ ಮೇಲೆ ಕೈಯಿಟ್ಟರೆ ನ್ಯಾಯಾಲಯದಲ್ಲಿ ಉತ್ತರ ಕೊಡಬೇಕು. ಪಾರ್ಕ್‌ಲ್ಯಾಂಡ್‌ನ ಮಕ್ಕಳು ಎದುರು ಹಾಕಿಕೊಂಡದ್ದು ಇಂಥದ್ದನ್ನು.

ಇದಕ್ಕೆ ಮೊದಲೂ ಶಾಲೆಗಳಲ್ಲಿ ಗುಂಡು ಹಾರಿತ್ತು. 2012ರಲ್ಲಿ ಸ್ಯಾಂಡಿ ಹುಕ್‌ನಲ್ಲಿ ಸತ್ತ 20 ಮಕ್ಕಳಿಗೆ ಆರೇಳು ವರ್ಷ. ಅವರ ಸಹಪಾಠಿಗಳು ಮೈಕಿನ ಮುಂದೆ ನಿಲ್ಲುವ ಹಾಗಿರಲಿಲ್ಲ, ತಂದೆತಾಯಿಗಳು ನಿಂತರು. ಖರೀದಿದಾರರ ಹಿನ್ನೆಲೆ ತಪಾಸಣೆಯನ್ನು ವಿಸ್ತರಿಸುವ ಪ್ರಸ್ತಾವಕ್ಕೆ 2013ರ ಏಪ್ರಿಲ್‌ನಲ್ಲಿ ಸೆನೆಟ್‌ನಲ್ಲಿ 54 ಮತ ಬಿದ್ದವು, ಬೇಕಿದ್ದದ್ದು 60. ಪಾರ್ಕ್‌ಲ್ಯಾಂಡ್‌ನಲ್ಲಿ ಬದುಕುಳಿದವರು ಹದಿನಾಲ್ಕರಿಂದ ಹದಿನೆಂಟರವರು. 1999ರ ಕೊಲಂಬೈನ್ ಹತ್ಯಾಕಾಂಡದ ನಂತರ ಹುಟ್ಟಿದ ಪೀಳಿಗೆ. ‘ಲಾಕ್‌ಡೌನ್’ ಎಂದರೆ ನಮಗೆ ಕೊರೊನಾ ನೆನಪಾಗುತ್ತದೆ. ಅವರಿಗೆ ಅದು ತರಗತಿಯ ಬಾಗಿಲಿಗೆ ಬೀಗ ಹಾಕಿ, ದೀಪ ಆರಿಸಿ, ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವ ಕವಾಯತು. ಅಲ್ಲಿ ನೆಲೆಸಿದ ಕನ್ನಡದ ಮನೆಗಳ ಮಕ್ಕಳೂ ಅದನ್ನು ಕಲಿತೇ ಬೆಳೆಯುತ್ತಾರೆ.

ವಯಸ್ಸಿನ ಜೊತೆಗೆ ಅವರಿಗೆ ತಾಲೀಮೂ ಇತ್ತು. ಅವರ ಮಾತು ತಾನಾಗಿ ಚಿಮ್ಮಿದ್ದೆಂದು ಮೆಚ್ಚಿದವರು ಹಲವರು, ಯಾರೋ ಹೇಳಿಕೊಟ್ಟದ್ದೆಂದು ಹಂಗಿಸಿದವರು ಕೆಲವರು. ಎರಡೂ ಪೂರ್ತಿ ಸರಿಯಲ್ಲ. ಪಾರ್ಕ್‌ಲ್ಯಾಂಡ್ ಸೇರಿರುವ ಬ್ರೋವರ್ಡ್ ಕೌಂಟಿಯ ಸರ್ಕಾರಿ ಶಾಲೆಗಳಲ್ಲಿ ಚರ್ಚಾಕೂಟ ವ್ಯವಸ್ಥಿತವಾಗಿ ನಡೆಯುತ್ತದೆ, ಆ ವರ್ಷ ಬಂದೂಕು ನಿಯಂತ್ರಣವೂ ಚರ್ಚೆಯ ವಿಷಯವಾಗಿತ್ತು. ದುರಂತದ ದಿನವೇ ಸರ್ಕಾರ-ರಾಜಕೀಯ ಪಾಠದಲ್ಲಿ ಹಿತಾಸಕ್ತಿ ಗುಂಪುಗಳ ಬಗ್ಗೆ, ರಾಷ್ಟ್ರೀಯ ರೈಫಲ್ ಸಂಘದ (ಎನ್‌ಆರ್‌ಎ) ಬಗ್ಗೆ ಮಾತಾಗಿತ್ತು. ಕ್ಯಾಮರನ್ ಕ್ಯಾಸ್ಕಿ ಶಾಲೆಯ ನಾಟಕ ತಂಡದ ಹುಡುಗ. ಡೇವಿಡ್ ಹಾಗ್ ಶಾಲೆಯ ಟಿವಿ ವರದಿಗಾರ. ಗುಂಡಿನ ಸದ್ದು ಕೇಳಿ ಅವಿತ ಕತ್ತಲೆಯ ಕೋಣೆಯಲ್ಲೇ ಮೊಬೈಲ್ ಹಿಡಿದು, ಪಕ್ಕದಲ್ಲಿದ್ದವರನ್ನು ಪಿಸುದನಿಯಲ್ಲಿ ಸಂದರ್ಶಿಸಿದ. ಸಂತ್ರಸ್ತನಾಗಿದ್ದವನು ಅಲ್ಲಿಂದ ಏಳುವ ಮುನ್ನವೇ ಸಾಕ್ಷಿಯಾಗಿದ್ದ, ವಾರ ಕಳೆಯುವುದರೊಳಗೆ ವಾದಿಯಾದ.

ಅವರ ವಾದದ ವರಸೆಗೆ ಒಂದು ಚೀಟಿಯನ್ನು ನೋಡಿದರೆ ಸಾಕು. ಮಾರ್ಚ್ 24ರ ವಾಷಿಂಗ್ಟನ್ ಮೆರವಣಿಗೆಯಲ್ಲಿ, ಅಂದರೆ ‘ಮಾರ್ಚ್ ಫಾರ್ ಅವರ್ ಲೈವ್ಸ್’ನಲ್ಲಿ, ಹಲವರ ಮೈಮೇಲೆ ಅಂಗಡಿಯ ಸರಕಿಗೆ ತೂಗುಬಿಡುವಂಥ ಬೆಲೆಚೀಟಿ ಇತ್ತು: 1.05 ಡಾಲರ್. ಆಗ ಫ್ಲಾರಿಡಾದ ಸೆನೆಟರ್ ಆಗಿದ್ದ ಮಾರ್ಕೊ ರುಬಿಯೊ ಅವರಿಗೆ ಎನ್‌ಆರ್‌ಎ ನೀಡಿದ ಸುಮಾರು 33 ಲಕ್ಷ ಡಾಲರ್ ನೆರವನ್ನು ಫ್ಲಾರಿಡಾದ 31 ಲಕ್ಷಕ್ಕೂ ಮಿಕ್ಕ ವಿದ್ಯಾರ್ಥಿಗಳಿಂದ ಭಾಗಿಸಿದರೆ ಬರುವ ಮೊತ್ತ ಅದು. ಒಬ್ಬ ವಿದ್ಯಾರ್ಥಿಯ ಬೆಲೆ. ಆ ನೆರವಿನಲ್ಲಿ ಬಹುಪಾಲು ಕೈಗಿತ್ತ ಹಣವಲ್ಲ, ಚುನಾವಣೆಯಲ್ಲಿ ಅವರ ಪರವಾಗಿ ಮಾಡಿದ ವೆಚ್ಚ ಎಂಬುದನ್ನು ಚೀಟಿ ಹೇಳಲಿಲ್ಲ. ಚೀಟಿಯಲ್ಲಿ ಅಡಿಟಿಪ್ಪಣಿಗೆ ಜಾಗವೆಲ್ಲಿ? ಅಂದು ವೇದಿಕೆಯಲ್ಲಿ ಅದೇ ಶಾಲೆಯ ಎಕ್ಸ್ ಗೊನ್ಜಾಲೆಸ್ (ಆಗಿನ ಹೆಸರು ಎಮ್ಮಾ) ಸತ್ತ ಹದಿನೇಳು ಮಂದಿಯನ್ನೂ ಹೆಸರಿಸಿ ಸುಮ್ಮನಾದರು. ಜನ ತಡವರಿಸಿದರು, ಘೋಷಣೆ ಕೂಗಿ ನೋಡಿದರು, ಮತ್ತೆ ಮೌನ. ಗಡಿಯಾರ ಬಡಿದ ಮೇಲೆ ತಿಳಿಯಿತು, ಅವರು ವೇದಿಕೆಗೆ ಬಂದು 6 ನಿಮಿಷ 20 ಸೆಕೆಂಡು ಆಗಿತ್ತು. ಗುಂಡಿನ ದಾಳಿಗೆ ಹಿಡಿದಷ್ಟೇ ಸಮಯವೆಂದು ಅವರು ಲೆಕ್ಕ ಹಾಕಿಕೊಂಡಿದ್ದರು.

ಈ ತಾಲೀಮು ಎಲ್ಲ ಮಕ್ಕಳಿಗೂ ಸಿಕ್ಕಿರಲಿಲ್ಲ, ಕ್ಯಾಮೆರಾ ಅಂತೂ ಸಿಕ್ಕಿರಲೇ ಇಲ್ಲ. ಷಿಕಾಗೊದ ಕಪ್ಪು ಸಮುದಾಯದ ಹದಿಹರೆಯದವರು 2013ರಲ್ಲೇ ಗುಂಡಿಗೆ ಬಲಿಯಾದ ಗೆಳತಿಯ ನೆನಪಿಗೆ ಕಿತ್ತಳೆ ಬಣ್ಣದ ಬಟ್ಟೆ ತೊಟ್ಟಿದ್ದರು: ಕಾಡಿನಲ್ಲಿ ಬೇಟೆಗಾರರು ನನ್ನನ್ನು ಹೊಡೆಯಬೇಡಿ ಎಂದು ತೊಡುವ ಬಣ್ಣ. ದೇಶ ತಿರುಗಿ ನೋಡಿದ್ದು ಅನುಕೂಲಸ್ಥ ಉಪನಗರದ ಮಕ್ಕಳು ಸತ್ತಾಗ. ಇದನ್ನು ಪಾರ್ಕ್‌ಲ್ಯಾಂಡ್‌ನ ಮಕ್ಕಳು ಬೇಗನೆ ಗ್ರಹಿಸಿದರು. ಷಿಕಾಗೊದವರನ್ನು ಮನೆಗೆ ಕರೆದರು, ವೇದಿಕೆ ಹಂಚಿಕೊಂಡರು. ಆದರೂ ಮೆರವಣಿಗೆಯಾದ ನಾಲ್ಕು ದಿನಕ್ಕೆ ಅದೇ ಶಾಲೆಯ ಕಪ್ಪು ವಿದ್ಯಾರ್ಥಿಗಳು ಪತ್ರಿಕಾಗೋಷ್ಠಿ ಕರೆದು ನಮ್ಮನ್ನು ಯಾರೂ ಕೇಳಲಿಲ್ಲ ಎಂದರು. ಆ ದೂರು ನ್ಯಾಯವಾದದ್ದು.

ಶಾಸನದ ಕಥೆ ಅಷ್ಟು ಹಸನಾಗಿಲ್ಲ. ಅದೇ ಶಾಲೆಯ ಜ್ಯಾಕ್ಲಿನ್ ಕೋರಿನ್ ಹೊಂದಿಸಿದ ಬಸ್ಸುಗಳಲ್ಲಿ ಸುಮಾರು 100 ವಿದ್ಯಾರ್ಥಿಗಳು ಫ್ಲಾರಿಡಾದ ರಾಜಧಾನಿ ಟ್ಯಾಲಹಾಸಿಗೆ ಹೋದರು. ಅವರ ಮುಖ್ಯ ಬೇಡಿಕೆ ಯುದ್ಧಮಾದರಿ ರೈಫಲುಗಳ ನಿಷೇಧ. ಅದನ್ನು ಚರ್ಚೆಗೆ ಎತ್ತಿಕೊಳ್ಳುವ ಸೂಚನೆಯನ್ನೇ ಫೆಬ್ರವರಿ 20ರಂದು ಕೆಳಮನೆ 71–36 ಮತಗಳಿಂದ ತಳ್ಳಿಹಾಕಿತು. ಗ್ಯಾಲರಿಯಲ್ಲಿ ಆ ಶಾಲೆಯ ಕೆಲವು ಮಕ್ಕಳೂ ಕೂತಿದ್ದರು. ಆದರೆ ಮಾರ್ಚ್ 9ರಂದು, ದುರಂತವಾಗಿ ಇನ್ನೂ ತಿಂಗಳು ತುಂಬದಿರುವಾಗ, ರಿಪಬ್ಲಿಕನ್ ಗವರ್ನರ್ ರಿಕ್ ಸ್ಕಾಟ್ ಬೇರೊಂದು ಮಸೂದೆಗೆ ಅಂಕಿತ ಹಾಕಿದರು. ರೈಫಲ್ ಖರೀದಿಗೆ 21 ವರ್ಷ, ಮೂರು ದಿನಗಳ ಕಾಯುವ ಅವಧಿ, ಅಪಾಯಕಾರಿ ಎನಿಸಿದವರಿಂದ ನ್ಯಾಯಾಲಯದ ಆದೇಶದ ಮೇರೆಗೆ ಆಯುಧ ವಶಪಡಿಸಿಕೊಳ್ಳುವ ಅಧಿಕಾರ ಅದರಲ್ಲಿದ್ದವು. ಜೊತೆಗೆ ಚಳವಳಿಗಾರರು ಬೇಡವೆಂದಿದ್ದ ಶಾಲಾ ಸಿಬ್ಬಂದಿಗೆ ಬಂದೂಕು ಕೊಡುವ ಯೋಜನೆಯೂ ಸೇರಿತ್ತು. ಎನ್‌ಆರ್‌ಎ ಅದೇ ದಿನ ದಾವೆ ಹೂಡಿತು.

ಬಂದೂಕು ತಯಾರಕರನ್ನು ಮುಟ್ಟದೆ, ಹಿರಿಯ ಮತದಾರರನ್ನು ನೋಯಿಸದೆ ಕತ್ತರಿ ಹಾಕಬಹುದಾಗಿದ್ದ ಹಕ್ಕು 18ರಿಂದ 20ರವರದು ಮಾತ್ರ. ಶಾಸಕರು ಅದಕ್ಕೇ ಕತ್ತರಿ ಹಾಕಿದರು. ಇದನ್ನು ಚಳವಳಿಯ ಸೋಲು ಎನ್ನಲಾರೆ. ಕೊಡಲು ಸಿದ್ಧರಿದ್ದವರಿಂದಲೇ ಮೊದಲು ವಸೂಲಿ ಮಾಡುವುದು ರಾಜಕಾರಣದ ಹಳೆಯ ಚಾಳಿ. ಚಳವಳಿಯ ಸಂಘಟಕರಾಗಿದ್ದ ಮ್ಯಾಕ್ಸ್‌ವೆಲ್ ಫ್ರಾಸ್ಟ್ 2022ರಲ್ಲಿ 25ನೆಯ ವಯಸ್ಸಿಗೆ, ಅಂದರೆ ಸಂವಿಧಾನ ಬಿಡುವ ಕನಿಷ್ಠ ವಯಸ್ಸಿಗೆ, ಸಂಸತ್ತಿಗೆ ಆಯ್ಕೆಯಾದರು. ಇತ್ತ ಫ್ಲಾರಿಡಾದ ಕೆಳಮನೆ ರೈಫಲ್ ಖರೀದಿಯ ಮಿತಿಯನ್ನು ಮತ್ತೆ 18ಕ್ಕೆ ಇಳಿಸುವ ಮಸೂದೆಯನ್ನು 2023ರಿಂದ ಒಂದಕ್ಕಿಂತ ಹೆಚ್ಚು ಸಲ ಅಂಗೀಕರಿಸಿತು, ಮೇಲ್ಮನೆ ಕೈಗೆತ್ತಿಕೊಳ್ಳಲಿಲ್ಲ. 2025ರ ಮಾರ್ಚ್‌ನಲ್ಲಿ 11ನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 21ರ ಮಿತಿಯನ್ನು ಎತ್ತಿಹಿಡಿಯಿತು. ಗುಂಡು ಹಾರಿದ ದಿನ ಆ ಶಾಲೆಯಲ್ಲಿ ಹದಿನಾಲ್ಕು ತುಂಬಿದ್ದ ಮಕ್ಕಳಿಗೆ ಅಷ್ಟರಲ್ಲಿ ಇಪ್ಪತ್ತೊಂದಾಗಿತ್ತು.