ಓಲೆಯ ಸಾಲೂ ಪದ್ಯದ ಪಾದವೂ

ಹಿಂದೆ ತಾಳೆಯೋಲೆಯಲ್ಲಿ ಗ್ರಂಥವನ್ನು ಪ್ರತಿಮಾಡುತ್ತಿದ್ದ ಲಿಪಿಕಾರನಿಗೆ ಸಾಲಿನ ಉದ್ದವನ್ನು ಓಲೆಯೇ ಗೊತ್ತುಮಾಡುತ್ತಿದ್ದಿತು. ದಾರದ ರಂಧ್ರದ ಸುತ್ತ ಎಡೆ ಬಿಟ್ಟು, ಅಂಚಿನವರೆಗೂ ಕಂಟದಿಂದ ಗೀರಿ, ಪದವು ನಡುವೆ ತುಂಡಾದರೂ ಲೆಕ್ಕಿಸದೆ ಅವನು ಮುಂದಿನ ಸಾಲಿಗೆ ಇಳಿಯುತ್ತಿದ್ದನು. ಪದಪದಗಳ ನಡುವೆ ತೆರಪೂ ಇರಲಿಲ್ಲ. ಓಲೆಯನ್ನು ಹದಮಾಡುವ ಶ್ರಮ ಸಾಮಾನ್ಯವೆ? ಬರಿದೆ ಬಿಡಲು ಯಾರಿಗೆ ಮನಸ್ಸು ಬಂದೀತು!

ಆದಕಾರಣ ಕಂದಪದ್ಯದ 12, 20 ಮಾತ್ರೆಗಳ ಪಾದಗಳೂ ಗದ್ಯದಂತೆ ಒಂದೇ ಓಟವಾಗಿ ಕಾಣುವುವು. ಪದ್ಯದ ಮೊದಲಿಗೆ ‘ಕಂ’, ಗದ್ಯಕ್ಕೆ ‘ವ’ ಎಂಬ ಗುರುತು, ಕೊನೆಗೆ ಗೀಟು: ಹಲವು ಪ್ರತಿಗಳಲ್ಲಿ ಇಷ್ಟೇ ಆಧಾರ.

ಕೆ. ಬಿ. ಪಾಠಕರು 1898ರಲ್ಲಿ ಕವಿರಾಜಮಾರ್ಗವನ್ನೂ, ರೈಸರು ಪಂಪಭಾರತವನ್ನೂ ಅಚ್ಚಿನಲ್ಲಿ ಹೊರತಂದರು. ಪಾದಗಳನ್ನು ಬಿಡಿಸಿ ನಿಲ್ಲಿಸುವ ಹೊಣೆ ಇಂಥ ಸಂಪಾದಕರ ಮೇಲೆ ಬಿದ್ದಿತು. ಈ ಕೆಲಸಕ್ಕೆ ಒದಗುವುದು ದ್ವಿತೀಯಾಕ್ಷರಪ್ರಾಸ. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಮರಳುವುದರಿಂದ, ಓಲೆಯು ಮರೆಮಾಡಿದ ಆರಂಭವನ್ನು ಕಿವಿ ಹಿಡಿಯಬಲ್ಲುದು. ನಡುವೆ ಒಂದಕ್ಷರವನ್ನು ಹುಳು ತಿಂದಿದ್ದರೆ ಮಾತ್ರೆಯ ಲೆಕ್ಕವು ಕೊರತೆಯನ್ನು ತೋರಿಸಿಕೊಡುವುದು. ಗದ್ಯಭಾಗಕ್ಕೆ ಈ ಎರಡು ಕಾವಲೂ ಇಲ್ಲ. ಅಲ್ಲಿ ಪದವನ್ನು ಎಲ್ಲಿ ಬಿಡಿಸಬೇಕೆಂಬುದಕ್ಕೆ ಅರ್ಥವೊಂದೇ ಪ್ರಮಾಣ. ಒಮ್ಮೊಮ್ಮೆ ಆ ಅರ್ಥವೂ ಎರಡಾಗುವುದುಂಟು.